ಮೂರು ಸವಾರಿ, ಮೂರು ಟ್ಯೂಬ್: ತಪ್ಪು ಬೈಕಿನದೋ, ಟೈರಿನದೋ, ಗಾಳಿಯದೋ?

ಪ್ರಶ್ನೆ: ನಾವು ಎಂಟು ಜನ ತಿಂಗಳಿಗೊಮ್ಮೆ ಒಟ್ಟಿಗೆ ಬೈಕ್ ಸವಾರಿ ಹೋಗುತ್ತೇವೆ. ಗುಂಪಿನಲ್ಲಿ ಮೂರು ಕಂಪನಿಗಳ ಬೈಕುಗಳಿವೆ. ನನ್ನದು ಸ್ಪೋಕ್ ಚಕ್ರ, ಟ್ಯೂಬ್ ಹಾಕಿದ ಟೈರು. ಮುಂದೆ 19 ಇಂಚು, ಹಿಂದೆ 18. ಕಳೆದ ಐದು ಸವಾರಿಗಳಲ್ಲಿ ಮೂರು ಸಲ ಹಿಂದಿನ ಟ್ಯೂಬೇ ಹೋಯಿತು. ಮೂರು ಸಲವೂ ಹಿಂದೆ ಮನೆಯವರು ಕೂತಿದ್ದರು, ಎರಡೂ ಬದಿ ಚೀಲ ಇತ್ತು. ಮೊದಲ ಎರಡು ಟ್ಯೂಬು ಪಂಕ್ಚರ್ ಅಂಗಡಿಯಲ್ಲೇ ಉಳಿದವು. ಮೂರನೆಯದು ವಾಲ್ವಿನ ಬುಡದಲ್ಲಿ ಕಿತ್ತು ಬಂದಿದೆ. ಹಿಂದಿನ ಚಕ್ರದ ಗಾಳಿಯ ಒತ್ತಡ ಒಬ್ಬರಿದ್ದರೆ 28, ಇಬ್ಬರಿದ್ದರೆ 32 ಪಿಎಸ್‌ಐ ಎಂದು ಕೈಪಿಡಿ ಹೇಳುತ್ತದೆ. ಆದರೆ ಹಿಡಿತ ಚೆನ್ನಾಗಿರುತ್ತದೆ ಅಂತ ನಮ್ಮ ಗುಂಪಿನಲ್ಲಿ ಎಲ್ಲರೂ 25 ಇಡುತ್ತೇವೆ. ‘ನಿನ್ನ ಕಂಪನಿಯ ಬೈಕೇ ಅಷ್ಟು’ ಅಂತ ಒಬ್ಬ, ‘ಆ ಟೈರು ಕಿತ್ತೆಸೆದು ನಾನು ಹಾಕಿಸಿದ್ದನ್ನೇ ಹಾಕಿಸು’ ಅಂತ ಇನ್ನೊಬ್ಬ, ‘ಟ್ಯೂಬ್‌ಲೆಸ್ ಮಾಡಿಸು’ ಅಂತ ಮತ್ತೊಬ್ಬ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಯಾರದೂ ಬೇಡ. ಬೈಕ್ ಮಾರುವುದೂ ಬೇಡ, ಟೈರು ಬದಲಿಸುವುದೂ ಬೇಡ. ನೀವು ಬರೆದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು 25 ಅನ್ನುವ ಆ ಸಂಖ್ಯೆ. ನಿಮ್ಮ ಗುಂಪಿನಲ್ಲಿ ಗಾಳಿಯ ಲೆಕ್ಕವೇ ಗಾಳಿಮಾತಾಗಿಬಿಟ್ಟಿದೆ.

ವಾಲ್ವಿನ ಬುಡ ಯಾಕೆ ಕಿತ್ತು ಬರುತ್ತದೆ ಅನ್ನುವುದನ್ನು ಮೊದಲು ನೋಡೋಣ. ಎಂಜಿನ್ನಿನ ಎಳೆತ, ಬ್ರೇಕಿನ ತಡೆ ಎರಡೂ ರಿಮ್ಮಿನಿಂದ ಟೈರಿಗೆ ದಾಟುವುದು ಬೀಡ್, ಅಂದರೆ ಟೈರಿನ ಒಳ ಅಂಚಿನ ಗಟ್ಟಿ ಬಳೆ, ರಿಮ್ಮಿಗೆ ಒತ್ತಿಕೊಂಡಿರುವ ಜಾಗದಲ್ಲಿ. ಹಾಗೆ ಒತ್ತಿ ಹಿಡಿದಿರುವುದು ಒಳಗಿನ ಗಾಳಿ. ಗಾಳಿ ಕಡಿಮೆಯಾದರೆ ಪ್ರತಿ ಸಲ ಆಕ್ಸಿಲರೇಟರ್ ತಿರುಗಿಸಿದಾಗ, ಬ್ರೇಕ್ ಒತ್ತಿದಾಗ ರಿಮ್ಮು ಟೈರಿನೊಳಗೆ ಕೂದಲೆಳೆಯಷ್ಟು ಜಾರುತ್ತದೆ. ಟ್ಯೂಬು ಟೈರಿಗೆ ಅಂಟಿಕೊಂಡು ಅದರ ಜೊತೆ ಹೋಗುತ್ತದೆ. ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ನೂರಾರು ಕಿಲೋಮೀಟರ್ ಹೀಗೆ ಎಳೆದಾಡಿದ ಮೇಲೆ ರಬ್ಬರಿಗೂ ವಾಲ್ವಿಗೂ ಬೆಸುಗೆ ಇರುವ ಜಾಗದಲ್ಲೇ ಹರಿಯುತ್ತದೆ. ಎಂಜಿನ್ ಎಳೆಯುವುದು ಹಿಂದಿನ ಚಕ್ರವನ್ನು, ಸಾಮಾನು ಮತ್ತು ಹಿಂಬದಿ ಸವಾರರ ಭಾರ ಬೀಳುವುದೂ ಅದರ ಮೇಲೆಯೇ. ಆದ್ದರಿಂದ ಮೂರು ಸಲವೂ ಹಿಂದಿನದೇ ಹೋದದ್ದು ದುರದೃಷ್ಟವಲ್ಲ. ಟ್ಯೂಬ್ ತಯಾರಿಯಲ್ಲೇ ದೋಷ ಇದ್ದಿರಬಹುದು ಎಂದು ಅಪರೂಪಕ್ಕೆ ಒಪ್ಪಬಹುದು. ಆದರೆ 32 ಬೇಕಾದಲ್ಲಿ 25 ಇಟ್ಟುಕೊಂಡು ಆ ಮಾತು ಆಡುವಂತಿಲ್ಲ.

7 ಪಿಎಸ್‌ಐ ಕಡಿಮೆ ಎಂದರೆ ಬೇಕಾದುದರಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚೇ ಖೋತಾ. ಇದೂ ಪೂರ್ತಿ ಲೆಕ್ಕವಲ್ಲ. ಕೈಪಿಡಿಯ ಸಂಖ್ಯೆ ತಣ್ಣಗಿನ ಟೈರಿಗೆ, ಅಂದರೆ ಬೈಕ್ ಮೂರು ಗಂಟೆ ನೆರಳಲ್ಲಿ ನಿಂತಿದ್ದಾಗಿನದ್ದು. ಮನೆಯಿಂದ ಹೊರಟು ಹತ್ತು ಕಿಲೋಮೀಟರ್ ಓಡಿಸಿ, ಪೆಟ್ರೋಲ್ ಬಂಕಿನಲ್ಲಿ ಬಿಸಿ ಟೈರಿಗೆ 25 ತುಂಬಿಸಿಕೊಂಡರೆ ತಣ್ಣಗಿನ ಲೆಕ್ಕದಲ್ಲಿ ಅದು 22 ಅಥವಾ 23. ಟೈರಿನೊಳಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ ಸುಮಾರು 1.5 ಪಿಎಸ್‌ಐ ಏರುತ್ತದೆ, ತಣ್ಣಗಾದರೆ ಅಷ್ಟೇ ಇಳಿಯುತ್ತದೆ. ಇದರ ಮೇಲೆ ಯಾವ ಟ್ಯೂಬೂ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿಯೇ ಬಿಟ್ಟುಕೊಡುತ್ತದೆ. ಬಂಕಿನ ಮೀಟರ್ ಎಷ್ಟು ಸುಳ್ಳು ಹೇಳುತ್ತದೆ ಎಂಬುದು ಬೇರೆ ಮಾತು. ನಿಮ್ಮದೇ ಒಂದು ಗೇಜ್ ಇಟ್ಟುಕೊಂಡು ಯಾವಾಗಲೂ ಅದರಲ್ಲೇ ನೋಡಿ. ಮಧ್ಯಾಹ್ನ ನಿಂತಾಗ 32 ಇದ್ದದ್ದು 35 ತೋರಿಸಿದರೆ ಗಾಳಿ ಬಿಡಬೇಡಿ. ಬೆಳಗಿನದಕ್ಕಿಂತ ಶೇಕಡಾ 10ರಷ್ಟು ಏರುವುದು ಸಹಜ. ತುಂಬ ಹೆಚ್ಚು ಏರಿದರೆ ಬೆಳಗ್ಗೆ ಹಾಕಿದ್ದೇ ಕಡಿಮೆಯಾಯಿತು, ಟೈರು ಮಡಚಿ ಮಡಚಿ ಕಾದಿದೆ ಎಂದರ್ಥ.

25ರ ಪರವಾಗಿ ನಿಮ್ಮ ಗುಂಪಿನಲ್ಲಿ ಯಾರಾದರೂ ರೇಸ್ ಉದಾಹರಣೆ ಕೊಟ್ಟೇ ಕೊಟ್ಟಿರುತ್ತಾರೆ. ವಿಶ್ವ ಮಟ್ಟದ ಬೈಕ್ ರೇಸ್ ಸರಣಿಯಾದ ಮೋಟೋಜಿಪಿಯಲ್ಲಿ ಮುಂದಿನ ಟೈರಿಗೆ ಕನಿಷ್ಠ 1.8 ಬಾರ್, ಅಂದರೆ ಸುಮಾರು 26 ಪಿಎಸ್‌ಐ ಇರಬೇಕೆಂಬ ನಿಯಮವಿರುವುದು ನಿಜ. ಆದರೆ ಅದು ಓಟದ ನಡುವೆ, ಟೈರು ಕಾದಿರುವಾಗ ಅಳೆಯುವ ಒತ್ತಡ. ಟ್ಯೂಬಿಲ್ಲದ ರೇಸ್ ಟೈರು, ವಾರ್ಮರ್ ಹೊದಿಸಿ ಬಿಸಿ ಮಾಡಿಯೇ ಟ್ರ್ಯಾಕಿಗೆ ಇಳಿಸಿದ್ದು, ಮೇಲೆ ಒಬ್ಬನೇ ಸವಾರ. ಅಲ್ಲಿಯೂ ಕಡಿಮೆ ಗಾಳಿಗೆ ಮಾಫಿಯಿಲ್ಲ: 2025ರ ಕತಾರ್ ರೇಸಿನಲ್ಲಿ ಎರಡನೆಯವರಾಗಿ ಗೆರೆ ದಾಟಿದ ಮ್ಯಾವೆರಿಕ್ ವಿನ್ಯಾಲೆಸ್ ಟೈರಿನ ಒತ್ತಡ ಮಿತಿಗಿಂತ ಕೆಳಗಿದ್ದುದಕ್ಕೆ 16 ಸೆಕೆಂಡ್ ದಂಡ ತೆತ್ತು 14ನೇ ಸ್ಥಾನಕ್ಕೆ ಇಳಿದರು. ಕಚ್ಚಾ ದಾರಿಯಲ್ಲಿ ಗಾಳಿ ಇಳಿಸುವ ರೂಢಿಯೂ ಇದೆ, ಅದಕ್ಕೆ ಕಾರಣವೂ ಇದೆ. ಆದರೆ ಅಲ್ಲಿ ವೇಗ ಕಡಿಮೆ, ಟ್ಯೂಬ್ ಚಕ್ರಗಳಲ್ಲಿ ಬೀಡನ್ನು ರಿಮ್ಮಿಗೆ ಕಚ್ಚಿಸುವ ರಿಮ್ ಲಾಕ್ ಹಾಕಿರುತ್ತಾರೆ, ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸುತ್ತಾರೆ. ಮೂರು ಥರದ ಬೈಕು, ಎಂಟು ಥರದ ಭಾರ, ಎಲ್ಲರಿಗೂ ಒಂದೇ ಸಂಖ್ಯೆ ಅನ್ನುವುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ.

ಇನ್ನು ಮುಂದೆ ಹೋದ ಟ್ಯೂಬನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅಷ್ಟು ಚೊಕ್ಕವಾಗಿ ಸಾಕ್ಷಿ ಹೇಳುವ ವಸ್ತು ಇನ್ನೊಂದಿಲ್ಲ. ಬಿಚ್ಚುವ ಮುಂಚೆ ವಾಲ್ವ್ ಇರುವ ಜಾಗವನ್ನು ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ, ಟ್ಯೂಬ್ ಯಾವ ಮಗ್ಗುಲಾಗಿ ಕೂತಿತ್ತು ಎಂದು ನೆನಪಿಡಿ. ಹೊರಸುತ್ತಿನಲ್ಲಿ ಒಂದೇ ತೂತಿದ್ದರೆ ಮೊಳೆಯೋ ಮುಳ್ಳೋ; ಗುರುತಿನಿಂದ ಅಳೆದು ಟೈರಿನ ಅದೇ ಜಾಗವನ್ನು ಒಳಗಿನಿಂದ ತಡಕಾಡಿ, ಚುಚ್ಚಿದ್ದು ಇನ್ನೂ ಅಲ್ಲೇ ಇರಬಹುದು. ಬರಿಗೈಯಲ್ಲಿ ಉಜ್ಜಬೇಡಿ, ಬಟ್ಟೆಯ ಚೂರು ಎಳೆಯಿರಿ, ತುದಿ ಇದ್ದಲ್ಲಿ ಸಿಕ್ಕಿಕೊಳ್ಳುತ್ತದೆ. ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದ ಹಾಗೆ ಇದ್ದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ಟೈರಿಗೂ ನಡುವೆ ಜಜ್ಜಿದೆ. ಅದಕ್ಕೂ ಕಾರಣ ಸಾಮಾನ್ಯವಾಗಿ ಕಡಿಮೆ ಗಾಳಿಯೇ. ಒಳಸುತ್ತಿನಲ್ಲಿ, ಅಂದರೆ ರಿಮ್ಮಿನ ಕಡೆ ತೂತಿದ್ದರೆ ಸ್ಪೋಕಿನ ತುದಿಗಳನ್ನು ಮುಚ್ಚುವ ರಿಮ್ ಟೇಪ್ ಸರಿದು ಒಂದು ತುದಿ ಚುಚ್ಚಿದೆ. ಸ್ಪೋಕ್ ಬಿಗಿ ಮಾಡಿಸಿದ ಕೆಲವೇ ದಿನಕ್ಕೆ ಹೀಗಾದರೆ ನಿಪ್ಪಲಿನಿಂದ (ಸ್ಪೋಕನ್ನು ರಿಮ್ಮಿಗೆ ಬಿಗಿಯುವ ನಟ್ಟು) ಆಚೆ ಬಂದ ತುದಿಯನ್ನು ಅರದಿಂದ ಉಜ್ಜಿ ಸಮ ಮಾಡಿ, ಹೊಸ ಟೇಪ್ ಹಾಕಬೇಕು. ರಿಪೇರಿ ಮಾಡಿದ ಮರುದಿನವೇ ಚಿಕ್ಕ ಅಡ್ಡ ಸೀಳು ಕಂಡರೆ ಅದು ಟೈರನ್ನು ರಿಮ್ಮಿನಿಂದ ಎಬ್ಬಿಸುವ ಪಟ್ಟಿ, ಅಂದರೆ ಟೈರ್ ಲಿವರ್, ಮಾಡಿದ ಗಾಯ; ರಸ್ತೆಯನ್ನು ಬೈಯಬೇಡಿ. ಉದ್ದನೆಯ ಮಡಿಕೆಯ ಗುರುತಿನ ಮೇಲೆ ಸವೆದು ತೂತಾಗಿದ್ದರೆ ಟೈರಿನ ಅಳತೆಗೆ ದೊಡ್ಡದಾದ ಟ್ಯೂಬನ್ನು ತುರುಕಿದ್ದಾರೆ. ಯಾವ ತೂತೂ ಕಾಣದೆ ಗಾಳಿ ಮಾತ್ರ ಇಳಿಯುತ್ತಿದ್ದರೆ ವಾಲ್ವಿನ ಬಾಯಿಗೆ ಉಗುಳು ಹಚ್ಚಿ ನೋಡಿ. ಗುಳ್ಳೆ ಬಂದರೆ ಒಳಗಿನ ಪಿನ್ ಬಿಗಿ ಮಾಡಿ ಅಥವಾ ಬದಲಿಸಿ. ಕ್ಯಾಪ್ ಇಲ್ಲದೆ ಓಡಿಸಬೇಡಿ. ರಬ್ಬರ್ ಉಂಗುರವಿರುವ ಕ್ಯಾಪೇ ಎರಡನೇ ಬಾಗಿಲು.

ಹೊಸ ಟ್ಯೂಬ್ ಹಾಕುವಾಗ ನೀವೇ ಪಕ್ಕದಲ್ಲಿ ನಿಂತು ನೋಡಿ, ಅಥವಾ ಮನೆಯಲ್ಲೇ ಒಮ್ಮೆ ಮಾಡಿ ಕಲಿಯಿರಿ. ದಾರಿಯಲ್ಲಿ ಸಂಜೆಗತ್ತಲಲ್ಲಿ ಮೊದಲ ಸಲ ಕಲಿಯುವ ಕೆಲಸ ಅಲ್ಲ ಇದು. ಹಿಂದಿನ ಚಕ್ರ ಬಿಚ್ಚುವ ಮುಂಚೆ ಚೈನ್ ಅಡ್ಜಸ್ಟರ್ ಎರಡೂ ಬದಿ ಯಾವ ಗೆರೆಯಲ್ಲಿದೆ ಎಂದು ಫೋಟೊ ತೆಗೆದುಕೊಳ್ಳಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಹೊರಗಿರುವಾಗ ಪೆಡಲ್ ಒತ್ತಬೇಡಿ, ಪ್ಯಾಡ್ ಮುಚ್ಚಿಕೊಂಡುಬಿಡುತ್ತದೆ. ಗಾಳಿ ಪೂರ್ತಿ ತೆಗೆದು ಎರಡೂ ಬದಿಯ ಬೀಡನ್ನು ರಿಮ್ಮಿನಿಂದ ಬಿಡಿಸಿ. ಲಿವರ್ ಹಾಕುವ ಜಾಗಕ್ಕೆ ಎದುರಿನ ಬೀಡನ್ನು ರಿಮ್ಮಿನ ನಡುವಿನ ತಗ್ಗಿಗೆ ಮೊಣಕಾಲಲ್ಲಿ ಒತ್ತಿ ಹಿಡಿಯಿರಿ. ಇಡೀ ಕೆಲಸದ ಗುಟ್ಟು ಇದೊಂದೇ. ತಗ್ಗಿಗೆ ಇಳಿದಿದ್ದರೆ ಈಚೆ ಬದಿ ಸಡಿಲವಾಗುತ್ತದೆ. ಇಳಿದಿಲ್ಲದಿದ್ದರೆ ಎಷ್ಟು ಬಲ ಹಾಕಿದರೂ ಲಿವರ್ ಬಾಗುತ್ತದೆ, ಟ್ಯೂಬ್ ಸಾಯುತ್ತದೆ. ಒಂದು ಸಲಕ್ಕೆ ಮೂರು ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಎತ್ತಬೇಡಿ.

ಹಾಕುವಾಗ ಟೈರಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯೇ ನೋಡಿ. ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ, ತೆಳುವಾಗಿ ಟಾಲ್ಕಂ ಪುಡಿ ಸವರಿ ಒಳಗಿಡಿ. ಎರಡನೇ ಬೀಡನ್ನು ವಾಲ್ವಿಗೆ ಎದುರಿನಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ತುಂಡು ಎತ್ತುವ ಮುಂಚೆ ವಾಲ್ವನ್ನು ಬೆರಳಿಂದ ಒಳಕ್ಕೆ ತಳ್ಳಿ, ಇಲ್ಲದಿದ್ದರೆ ಟ್ಯೂಬು ಬೀಡಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬೀಡಿಗೆ ಸಾಬೂನು ನೀರು ಸಾಕು. ಎಣ್ಣೆ, ಗ್ರೀಸು ಬೇಡವೇ ಬೇಡ, ಅದು ಒಣಗುವುದಿಲ್ಲ, ಆಮೇಲೆ ರಿಮ್ಮು ಜಾರುತ್ತಲೇ ಇರುತ್ತದೆ. ಗಾಳಿ ತುಂಬಿದ ಮೇಲೆ ಟೈರಿನ ಪಕ್ಕದಲ್ಲಿರುವ ತೆಳು ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ಅಂತರದಲ್ಲಿ ಕಾಣಬೇಕು. ಒಂದು ಕಡೆ ಒಳಸರಿದಿದ್ದರೆ ಗಾಳಿ ಬಿಟ್ಟು, ಸಾಬೂನು ನೀರು ಹಚ್ಚಿ ಮತ್ತೆ ತುಂಬಿ. ಟೈರಿನ ಮೇಲೆ ಬರೆದ ಗರಿಷ್ಠ ಮಿತಿ ಮಾತ್ರ ಮೀರಬೇಡಿ.

ನಿಮ್ಮ ವಿಷಯದಲ್ಲಿ ಮುಖ್ಯವಾದ ಒಂದು ಸಣ್ಣ ಕೆಲಸ ಇದೆ. ವಾಲ್ವಿನ ಕಾಂಡದ ಮೇಲಿನ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ. ಅದನ್ನು ಮೇಲಕ್ಕೆ ತಿರುಗಿಸಿ ಕ್ಯಾಪಿಗೆ ತಾಗಿಸಿಡಿ. ಆಗ ಟ್ಯೂಬು ಜರುಗಿದರೆ ವಾಲ್ವ್ ಓರೆಯಾಗಿ ನಿಲ್ಲುತ್ತದೆ, ಕಣ್ಣಿಗೆ ಕಾಣುತ್ತದೆ. ನಟ್ ಬಿಗಿದಿದ್ದರೆ ವಾಲ್ವ್ ನೆಟ್ಟಗೇ ಇರುತ್ತದೆ, ಒಳಗೆ ಹರಿಯುವುದು ಹರಿಯುತ್ತಲೇ ಇರುತ್ತದೆ. ಜೊತೆಗೆ ವಾಲ್ವಿನ ನೇರಕ್ಕೆ ರಿಮ್ಮು ಮತ್ತು ಟೈರು ಎರಡರ ಮೇಲೂ ಹಾಯುವಂತೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದು ಎರಡು ತುಂಡಾಗಿ ಕಂಡರೆ ಟೈರು ಜರುಗಿದೆ.

ಈಗ ಬ್ರ್ಯಾಂಡ್ ಜಗಳಕ್ಕೆ ಬರೋಣ. ಬೈಕ್ ಕಂಪನಿಗಳು ಸಾಮಾನ್ಯವಾಗಿ ಟೈರನ್ನು ಟೈರ್ ತಯಾರಕರಿಂದ ಕೊಳ್ಳುತ್ತವೆ. ಪರಸ್ಪರ ಹಂಗಿಸುವ ಇಬ್ಬರ ಬೈಕಿನ ಕೆಳಗೂ ಒಂದೇ ಕಾರ್ಖಾನೆಯ ರಬ್ಬರು ಇರುವುದು ಅಪರೂಪವೇನಲ್ಲ. ಮೋಟೋಜಿಪಿಯಲ್ಲಿ 2009ರಿಂದ 2015ರವರೆಗೆ ಎಲ್ಲರಿಗೂ ಬ್ರಿಜ್‌ಸ್ಟೋನ್, 2016ರಿಂದ ಎಲ್ಲರಿಗೂ ಮಿಶೆಲಿನ್. ಡುಕಾಟಿ, ಹೋಂಡಾ, ಯಮಹಾ, ಕೆಟಿಎಂ, ಎಪ್ರಿಲಿಯಾ ಒಂದರ ಮೇಲೊಂದು ಬಿದ್ದು ಸೆಣಸುವುದು ಒಂದೇ ಟೈರಿನ ಮೇಲೆ. ಅಲ್ಲಿ ಜಗಳ ಟೈರಿನ ಹೆಸರಿನದ್ದಲ್ಲ, ಕೊಟ್ಟ ಟೈರನ್ನು ಯಾರು ಸರಿಯಾದ ಬಿಸಿಯಲ್ಲಿ, ಸರಿಯಾದ ಒತ್ತಡದಲ್ಲಿ ಇಡುತ್ತಾರೆ ಎಂಬುದರದ್ದು.

ಹಾಗೆಂದು ಟೈರುಗಳೆಲ್ಲ ಒಂದೇ ಅಲ್ಲ. ಒದ್ದೆ ರಸ್ತೆಯ ಹಿಡಿತ, ಬಾಳಿಕೆ, ತಿರುವಿನಲ್ಲಿ ವಾಲುವ ಸಲೀಸು ಇವುಗಳಲ್ಲಿ ನಿಜವಾದ ವ್ಯತ್ಯಾಸವಿದೆ. ಆದರೆ ಅದು ಬ್ರ್ಯಾಂಡಿಗಿಂತ ಮಾದರಿಗೆ ಮಾದರಿಗೆ ಇರುವ ವ್ಯತ್ಯಾಸ. ಒಂದೇ ಕಂಪನಿ ಬೇಗ ಸವೆಯುವ ಮೆದು ಟೈರನ್ನೂ ಮಾಡುತ್ತದೆ, ವರ್ಷಗಟ್ಟಲೆ ಬರುವ ಗಟ್ಟಿ ಟೈರನ್ನೂ ಮಾಡುತ್ತದೆ. ‘ನನಗೆ ಇಷ್ಟು ಸಾವಿರ ಕಿಲೋಮೀಟರ್ ಬಂತು’ ಎಂಬ ಮಾತಿಗೆ ಬೈಕಿನ ತೂಕ, ಎಂಜಿನ್ನಿನ ಎಳೆತ, ರಸ್ತೆ, ಗಾಳಿ ಹೇಳದೆ ಬೆಲೆಯಿಲ್ಲ.

ಕೊಳ್ಳುವಾಗ ಹೆಸರಿಗಿಂತ ಮೊದಲು ಪಕ್ಕದ ಬರಹ ಓದಿ. ಉದಾಹರಣೆಗೆ 120/90-18 65ಎಚ್ ಎಂದಿದ್ದರೆ ಅಗಲ 120 ಮಿಲಿಮೀಟರ್, ಎತ್ತರ ಅದರ ಶೇಕಡಾ 90, ರಿಮ್ಮು 18 ಇಂಚು. 90ಕ್ಕೂ 18ಕ್ಕೂ ನಡುವೆ ಅಡ್ಡಗೆರೆ ಇದ್ದರೆ ಬಯಾಸ್ (ಒಳಗಿನ ದಾರದ ಪದರಗಳು ಓರೆಯಾಗಿರುವ ಟೈರು), ಆರ್ ಇದ್ದರೆ ರೇಡಿಯಲ್ (ದಾರಗಳು ಬೀಡಿನಿಂದ ಬೀಡಿಗೆ ನೇರವಾಗಿರುವುದು). ಬೈಕ್ ಕಂಪನಿ ಒಪ್ಪದೆ ಹಿಂದೊಂದು ಮುಂದೊಂದು ಹಾಕಬೇಡಿ. 65 ಎಂದರೆ 290 ಕಿಲೋ ಹೊರುವ ಸಾಮರ್ಥ್ಯ, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್. ಆ 290 ಕಿಲೋ ಟೈರಿಗೆ ಹೇಳಿದಷ್ಟು ಗಾಳಿ ತುಂಬಿದಾಗ ಮಾತ್ರ. 25 ಪಿಎಸ್‌ಐಯಲ್ಲಿ ಆ ಸಂಖ್ಯೆ ಬರೀ ಅಲಂಕಾರ. ಟೈರಿನ ಪಕ್ಕದಲ್ಲಿ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 1522 ಅಂದರೆ 2022ರ 15ನೇ ವಾರ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ಬಲ್ಲವರಿಗೆ ತೋರಿಸಿ. ಹತ್ತು ವರ್ಷದ್ದು ಎಷ್ಟೇ ಹೊಸದಾಗಿ ಕಂಡರೂ ಬೇಡ. ಹೊಸ ಟೈರು ಹಾಕಿದ ಮೊದಲ 150 ಕಿಲೋಮೀಟರ್ ಮೈ ನುಣುಪಾಗಿರುತ್ತದೆ, ಅಷ್ಟರವರೆಗೆ ಗುಂಪಿನ ವೇಗಕ್ಕೆ ಬೀಳಬೇಡಿ.

ಟ್ಯೂಬ್‌ಲೆಸ್ ಸಲಹೆ ಕೆಟ್ಟದ್ದಲ್ಲ, ಆದರೆ ನಿಮ್ಮ ರಿಮ್ಮಿಗೆ ಹೊಂದಬೇಕು. ಟ್ಯೂಬ್‌ಲೆಸ್ ರಿಮ್ಮಿನಲ್ಲಿ ಬೀಡ್ ಕೂರುವ ಜಾಗದ ಒಳಗಡೆ ಒಂದು ಸಣ್ಣ ಏರು ಇರುತ್ತದೆ, ಗಾಳಿ ಹೋದರೂ ಬೀಡು ತಗ್ಗಿಗೆ ಜಾರದಂತೆ ಅದು ತಡೆಯುತ್ತದೆ. ಹಳೇ ನಮೂನೆಯ ಸ್ಪೋಕ್ ರಿಮ್ಮಿನಲ್ಲಿ ಆ ಏರು ಇರುವುದಿಲ್ಲ. ಸ್ಪೋಕಿನ ತೂತುಗಳನ್ನು ಟೇಪ್ ಹಾಕಿ ಮುಚ್ಚಿದರೆ ಗಾಳಿ ನಿಲ್ಲಬಹುದು, ಬೀಡ್ ನಿಲ್ಲುತ್ತದೆಂಬ ಭರವಸೆ ಇಲ್ಲ. ಟೈರಿನ ಮೇಲೆ ಟ್ಯೂಬ್‌ಲೆಸ್ ಎಂದು ಬರೆದಿದ್ದರೂ ಟ್ಯೂಬ್ ರಿಮ್ಮಿಗೆ ಹಾಕಿದಾಗ ಒಳಗೆ ಟ್ಯೂಬ್ ಬೇಕೇ ಬೇಕು. ಸೀಲೆಂಟ್ ದ್ರಾವಣ ಸಣ್ಣ ಮುಳ್ಳಿನ ತೂತಿಗೆ ಸರಿ, ವಾಲ್ವ್ ಬುಡ ಹರಿದರೆ ಅದೊಂದು ಗಲೀಜು ಅಷ್ಟೇ.

ಬ್ರ್ಯಾಂಡ್ ಹಟದಿಂದ ನಿಜವಾಗಿ ಹಾಳಾಗುವುದು ಗುಂಪಿನ ಸಾಮಾನಿನ ಚೀಲ. ಪ್ರತಿಯೊಬ್ಬರೂ ತಮ್ಮ ಬೈಕಿಗೆ ಮಾತ್ರ ಹೊಂದುವ ಸ್ಪ್ಯಾನರ್ ತರುತ್ತಾರೆ. ಕೆಟ್ಟದ್ದು ಮಾತ್ರ ಬೇರೆಯವರ ಬೈಕು. ಎಂಟೂ ಬೈಕುಗಳ ಹಿಂದಿನ ಮತ್ತು ಮುಂದಿನ ಆಕ್ಸಲ್ ನಟ್ಟಿನ ಅಳತೆ, ಟೈರಿನ ಅಳತೆ, ಟ್ಯೂಬೋ ಟ್ಯೂಬ್‌ಲೆಸ್ಸೋ, ಒಬ್ಬರಿಗೆ ಮತ್ತು ಇಬ್ಬರಿಗೆ ಎಷ್ಟು ಗಾಳಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರ ಫೋನಿನಲ್ಲಿ ಇರಲಿ. ಚೀಲದಲ್ಲಿ ಮೂರು ಟೈರ್ ಲಿವರ್, ಆ ಅಳತೆಗಳ ಸ್ಪ್ಯಾನರ್, ಪಿನ್ ತೆಗೆಯುವ ಸಾಧನ, ಪ್ಯಾಚ್ ಮತ್ತು ತಾಜಾ ಸೊಲ್ಯೂಷನ್, ಟ್ಯೂಬ್‌ಲೆಸ್‌ನವರಿಗೆ ದಾರದ ಪ್ಲಗ್ ಕಿಟ್, ಒಂದು ಗೇಜ್ ಇರಬೇಕು. ಬಾಯಿ ತೆರೆದ ಸೊಲ್ಯೂಷನ್ ಟ್ಯೂಬು ಮುಂದಿನ ಸವಾರಿಗೆ ಒಣಗಿರುತ್ತದೆ, ಪ್ರತಿ ಸಲ ಒತ್ತಿ ನೋಡಿ. ನಿಮ್ಮದೊಂದು 18 ಇಂಚಿನ ಟ್ಯೂಬ್ ಇರಲಿ. ತೀರಾ ಜಾಗವಿಲ್ಲದಿದ್ದರೆ 19ರ ಮುಂದಿನ ಟ್ಯೂಬನ್ನಾದರೂ ಇಟ್ಟುಕೊಳ್ಳಿ. ಅಗಲದಲ್ಲಿ ಸಣ್ಣದಾದ ಅದು ಹಿಗ್ಗಿ ಹಿಂದಿನ ಟೈರಿನಲ್ಲಿ ತಾತ್ಕಾಲಿಕವಾಗಿ ಕೂರುತ್ತದೆ, ದಪ್ಪನೆಯದನ್ನು ಸಣ್ಣ ಟೈರಿಗೆ ತುರುಕಿದರೆ ಮಡಚಿ ಹರಿಯುತ್ತದೆ. ಹಾಗೆ ಹಾಕಿದ ಮೇಲೆ ಚೀಲ ಬೇರೆಯವರಿಗೆ ಕೊಟ್ಟು, ನಿಧಾನವಾಗಿ ಸರಿಯಾದ ಟ್ಯೂಬ್ ಸಿಗುವಲ್ಲಿಯವರೆಗೆ ಮಾತ್ರ.

ಗಾಳಿಗೆ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್ (ಅನಿಲ ಒತ್ತಿ ತುಂಬಿದ ಪುಟ್ಟ ಸಿಲಿಂಡರ್) ನಂಬಿಕೊಂಡವರಿಗೆ ಒಂದು ಲೆಕ್ಕ: 16 ಗ್ರಾಂನ ಒಂದು ಕಾರ್ಟ್ರಿಜ್ ಬಿಚ್ಚಿದರೆ ಸುಮಾರು 8–9 ಲೀಟರ್ ಅನಿಲ. ಹಿಂದಿನ ಟೈರಿನೊಳಗಿನ ಜಾಗ 15 ಲೀಟರಿನ ಆಸುಪಾಸು. ಒಂದಕ್ಕೆ 8 ಪಿಎಸ್‌ಐ ಸಿಕ್ಕರೆ ಹೆಚ್ಚು. ನಾಲ್ಕು ಹೊರುವ ಬದಲು ಬ್ಯಾಟರಿಗೆ ಹಚ್ಚುವ ಒಂದು ಪುಟ್ಟ ಪಂಪ್ ತಂದರೆ ಎಂಟು ಜನಕ್ಕೂ ಆಗುತ್ತದೆ. ಅದು ಗುಂಪಿನ ಕೊನೆಯ ಸವಾರನ ಬಳಿ ಇರಬೇಕು. ಮುಂದಾಳುವಿನ ಬಳಿ ಇದ್ದರೆ ನೀವು ನಿಂತದ್ದು ಗೊತ್ತಾಗುವ ಹೊತ್ತಿಗೆ ಪಂಪ್ ಎಷ್ಟೋ ದೂರ ಹೋಗಿರುತ್ತದೆ.

ಓಡುವಾಗ ಗಾಳಿ ಹೋದರೆ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದೇ ಹೆಚ್ಚು. ಹಿಂದಿನದು ಹೋದರೆ ಬೈಕಿನ ಬಾಲ ತೂಗಾಡುತ್ತದೆ; ಮುಂದಿನದು ಹೋದರೆ ಹ್ಯಾಂಡಲ್ ಭಾರವಾಗುತ್ತದೆ. ಹೋದ ಚಕ್ರದ ಬ್ರೇಕ್ ಮುಟ್ಟಬೇಡಿ, ಗೇರ್ ದಡಕ್ಕನೆ ಇಳಿಸಬೇಡಿ. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಹ್ಯಾಂಡಲ್ ನೇರ ಹಿಡಿದು, ವೇಗ ಇಳಿದ ಮೇಲೆ ಒಳ್ಳೆಯ ಚಕ್ರದ ಬ್ರೇಕನ್ನು ನಯವಾಗಿ ಒತ್ತಿ ಅಂಚಿಗೆ ಬನ್ನಿ. ಇದಕ್ಕೆಲ್ಲ ಜಾಗ ಬೇಕು. ನೇರ ರಸ್ತೆಯಲ್ಲಿ ಎಡ ಬಲ ಅಡ್ಡಾದಿಡ್ಡಿ ಸಾಲಿನಲ್ಲಿ ಹೋಗುವಾಗ ಓರೆಯಾಗಿ ಮುಂದಿರುವವರಿಂದ ಒಂದು ಸೆಕೆಂಡ್, ನೇರ ಮುಂದಿರುವವರಿಂದ ಕನಿಷ್ಠ ಎರಡು ಸೆಕೆಂಡ್ ಅಂತರ ಬಿಡಿ. ತಿರುವಿನಲ್ಲಿ ಒಂದೇ ಸಾಲಾಗಿ. ‘ನಿನ್ನ ಬೈಕು ಎಷ್ಟು ಹೋಗುತ್ತೆ ನೋಡೋಣ’ ಎಂಬ ಪಂಥ ಶುರುವಾದ ಕೂಡಲೇ ಮೊದಲು ಕಾಣೆಯಾಗುವುದು ಈ ಎರಡು ಸೆಕೆಂಡು.

ಮುಂದಿನ ಸವಾರಿಗೆ ಬೆಳಗ್ಗೆ ಮನೆಯಲ್ಲೇ ಹಿಂದಿನ ಚಕ್ರಕ್ಕೆ 32 ಹಾಕಿ, ಹೊರಡಿ. ಟೈರು ಹಾಕಿ ಒಂದು ದಿನವಾದರೂ ಕಳೆದಿರಲಿ, ಸಾಬೂನು ನೀರು ಒಣಗಬೇಕು. ಐವತ್ತು ಕಿಲೋಮೀಟರ್ ಆದ ಮೇಲೆ ನಿಂತು ಬಿಳಿ ಗೆರೆ ನೋಡಿ, ಸಂಜೆ ಮತ್ತೊಮ್ಮೆ ನೋಡಿ. ಎರಡು ಸವಾರಿ ಗೆರೆ ಕೂಡಿಕೊಂಡೇ ಇದ್ದರೆ ನಿಮ್ಮ ಕಾಯಿಲೆ ವಾಸಿಯಾಯಿತು. 32 ಇದ್ದೂ ಗೆರೆ ಸರಿದರೆ ಬೀಡ್ ಕೂರುವ ಜಾಗದಲ್ಲಿ ತುಕ್ಕು ಹಿಡಿದಿದೆಯೇ, ಹಾಕುವಾಗ ಎಣ್ಣೆ ಬಳಸಿದ್ದರೇ, ಟೈರಿಗೆ ಹೇಳಿದ ರಿಮ್ ಅಗಲ ನಿಮ್ಮದಕ್ಕೆ ತಾಳೆಯಾಗುತ್ತದೆಯೇ ನೋಡಿಸಿ. ಅವೆಲ್ಲ ಸರಿಯಿದ್ದೂ ಜಾರುತ್ತಿದ್ದರೆ, ಆಗ ಆ ಟೈರನ್ನು ಬದಲಿಸಿ.